ನಿನ್ನ ಹೆಸರು, ನಿನ್ನ ಚೀಲ

ಮಗಾ, ಹಡಗಿನ ಕೆಲಸದ ಕಾಗದ ಬಂತು ಅಂತ ನಿಮ್ಮಪ್ಪ ಹೇಳಿದ. ವರ್ಷಕ್ಕೆ 550 ಮಿಲಿಮೀಟರ್ ಮಳೆಯಾದರೆ ದೇವರು ಕಣ್ಣು ಬಿಟ್ಟ ಅನ್ನುವ ಸೀಮೆಯಿಂದ ಸಮುದ್ರಕ್ಕೆ ಹೊರಟಿದ್ದೀಯ. ಹಡಗು ಹತ್ತುವುದನ್ನು ಹೇಳಿಕೊಡಲು ಕಂಪನಿಯವರಿದ್ದಾರೆ, ತರಬೇತಿಯವರಿದ್ದಾರೆ. ಇಳಿಯುವುದನ್ನು ಮಾತ್ರ ಯಾರೂ ಕೂತು ಹೇಳಿಕೊಡುವುದಿಲ್ಲ. ಕ್ರೂಸ್ ಹಡಗಿನ ಲಾಂಡ್ರಿಯಲ್ಲಿ ದುಡಿದು ಬಂದವನು ನಾನು. ಏಳೆಂಟು ತಿಂಗಳ ಕಂಟ್ರಾಕ್ಟ್ ಮುಗಿಸಿ ಮನೆಗೆ ಹೊರಟವನ ಮೈ ದಣಿದಿರುತ್ತದೆ, ಮನಸ್ಸು ಆಗಲೇ ಊರು ಸೇರಿರುತ್ತದೆ. ಇಮಿಗ್ರೇಷನ್, ಕಸ್ಟಮ್ಸ್ ಎರಡೂ ಎದುರಾಗುವುದು ಅಂಥ ಹೊತ್ತಿನಲ್ಲಿ.

ಅಲ್ಲಿ ಕೇಳುವುದೆಲ್ಲ ಎರಡೇ ಪ್ರಶ್ನೆ. ನೀನು ಯಾರು? ನಿನ್ನ ಹತ್ತಿರ ಏನಿದೆ? ಭಾಷೆ ಯಾವುದಾಗಲಿ, ದೇಶ ಯಾವುದಾಗಲಿ, ಸುತ್ತಿಬಳಸಿ ಕೇಳುವುದು ಇಷ್ಟನ್ನೇ. ಈ ಎರಡರ ಉತ್ತರವೂ ನೀನು ನಮ್ಮೂರು ಸೆಟ್ಟೂರು ಬಿಡುವ ಮೊದಲೇ ಸಿದ್ಧವಾಗಿರಬೇಕು.

ಮೊದಲು ಹೆಸರು. ಆಂಧ್ರ-ಕರ್ನಾಟಕದ ನಮ್ಮ ಗಡಿಯ ಹುಡುಗರಿಗೆ ಇದು ಬೇರೆಯವರಿಗಿಂತ ಹೆಚ್ಚು ಕಾಡುತ್ತದೆ. ಮನೆಯಲ್ಲಿ ಕನ್ನಡ, ಮಂಡಲ ಕಚೇರಿಯಲ್ಲಿ ತೆಲುಗು, ಪಾಸ್‌ಪೋರ್ಟಿನಲ್ಲಿ ಇಂಗ್ಲಿಷ್. ಒಂದೇ ಹೆಸರು ಮೂರು ಲಿಪಿ ದಾಟುವಷ್ಟರಲ್ಲಿ ಮೂರು ರೂಪ ತಾಳುತ್ತದೆ. ತಿಪ್ಪೇಸ್ವಾಮಿ ಅನ್ನುವ ಹೆಸರನ್ನೇ ತೆಗೆದುಕೋ. ಎಸ್ಸೆಸ್ಸಿ ಸರ್ಟಿಫಿಕೇಟಿನಲ್ಲಿ ಟಿ ಆದಮೇಲೆ ಎಚ್ ಇರುತ್ತದೆ, ಆಧಾರಿನಲ್ಲಿ ಇರುವುದಿಲ್ಲ. ಒಂದರ ಕೊನೆಯಲ್ಲಿ ವೈ, ಇನ್ನೊಂದರ ಕೊನೆಯಲ್ಲಿ ಐ. ಮನೆತನದ ಹೆಸರನ್ನು ಆಂಧ್ರದ ಪದ್ಧತಿಯಂತೆ ಒಬ್ಬರು ಮುಂದೆ ಬರೆದಿರುತ್ತಾರೆ, ಅಪ್ಪನ ಹೆಸರಿನ ಮೊದಲಕ್ಷರವನ್ನು ನಮ್ಮ ಪದ್ಧತಿಯಂತೆ ಇನ್ನೊಬ್ಬರು ಹಚ್ಚಿರುತ್ತಾರೆ. ಊರಲ್ಲಿ ಇದರಿಂದ ತೊಂದರೆಯಿಲ್ಲ, ಎಲ್ಲರಿಗೂ ನೀನು ಯಾರ ಮಗ ಅಂತ ಗೊತ್ತು. ಬಂದರಿನ ಕಂಪ್ಯೂಟರಿಗೆ ಗೊತ್ತಿಲ್ಲ. ಅದು ಹಡಗಿನವರು ಕಳಿಸಿದ ಸಿಬ್ಬಂದಿ ಪಟ್ಟಿಯನ್ನೂ ನಿನ್ನ ಪಾಸ್‌ಪೋರ್ಟನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡುತ್ತದೆ. ಬರೀ ಒಂದೇ ಹೆಸರಿದ್ದು ಇನ್ನೊಂದು ಜಾಗ ಖಾಲಿ ಇದ್ದ ಪಾಸ್‌ಪೋರ್ಟಿನವರಿಗೆ ಸಂದರ್ಶಕ ವೀಸಾದ ಮೇಲೆ ಪ್ರವೇಶವಿಲ್ಲ ಎಂದು 2022ರ ನವೆಂಬರಿನಲ್ಲಿ ಯುಎಇ ನಿಯಮ ತಂದಾಗ ನಮ್ಮ ಕಡೆಯ ಎಷ್ಟೋ ಮನೆಯವರು ಪಾಸ್‌ಪೋರ್ಟ್ ತೆಗೆದು ನೋಡಿಕೊಂಡರು. ಆದ್ದರಿಂದ ಪಾಸ್‌ಪೋರ್ಟ್, ಸಿಡಿಸಿ, ವೀಸಾ, ವಿಮಾನದ ಟಿಕೆಟ್, ಬ್ಯಾಂಕ್ ಖಾತೆ ಐದರಲ್ಲೂ ಹೆಸರು ಒಂದೇ ಥರ ಇದೆಯೇ ಎಂದು ಮಗ್ಗುಲಲ್ಲಿ ಇಟ್ಟುಕೊಂಡು ನೋಡು. ಇಲ್ಲದಿದ್ದರೆ ಈಗಲೇ ತಿದ್ದಿಸು. ಅನಂತಪುರಕ್ಕೆ ಎರಡು ಸಲ ಓಡಾಡುವ ಬೇಸರ ದೊಡ್ಡದಲ್ಲ.

ಸಿಡಿಸಿ ಅಂದೆನಲ್ಲ, ಆ ಪುಸ್ತಕವನ್ನು ಪಾಸ್‌ಪೋರ್ಟಿನಷ್ಟೇ ಜತನ ಮಾಡು. ಮುಂಬೈಯಲ್ಲಿ ಮುಖ್ಯ ಕಚೇರಿ ಇರುವ ಹಡಗು ಮಹಾನಿರ್ದೇಶನಾಲಯದ ವ್ಯವಸ್ಥೆಯಡಿ ಕೊಡುವ ಪುಸ್ತಕ ಅದು. ನೀನು ಯಾವ ಹಡಗಿಗೆ ಎಂದು ಸೇರಿದೆ, ಎಂದು ಇಳಿದೆ ಅನ್ನುವುದೆಲ್ಲ ಅದರಲ್ಲಿ ದಾಖಲಾಗುತ್ತದೆ. ಹಡಗಿನಲ್ಲಿರುವಾಗ ಪಾಸ್‌ಪೋರ್ಟ್ ಸಾಮಾನ್ಯವಾಗಿ ಕ್ರೂ ಆಫೀಸಿನವರ ಹತ್ತಿರ ಇರುತ್ತದೆ, ಬಂದರು ಬಂದರಿನಲ್ಲಿ ಅಧಿಕಾರಿಗಳಿಗೆ ತೋರಿಸಬೇಕಲ್ಲ. ಸೈನ್‌ಆಫ್ ಆಗುವ, ಅಂದರೆ ಕೆಲಸ ಮುಗಿಸಿ ಇಳಿಯುವ, ಹಿಂದಿನ ದಿನ ಪಾಸ್‌ಪೋರ್ಟೂ ಸಿಡಿಸಿಯೂ ಕೈಗೆ ಬಂದಾಗ ಅಲ್ಲೇ ನಿಂತು ಪುಟ ತಿರುವು. ಸಿಡಿಸಿಯಲ್ಲಿ ಹಡಗಿನ ಹೆಸರು, ಸೇರಿದ ದಿನ, ಇಳಿದ ದಿನ, ಮೊಹರು, ಸಹಿ ಎಲ್ಲ ಇದೆಯೇ ನೋಡು. ವಿದೇಶಿ ಹಡಗಿನ ಭಾರತೀಯ ಸಿಬ್ಬಂದಿ ವರ್ಷದಲ್ಲಿ ಎಷ್ಟು ದಿನ ದೇಶದ ಹೊರಗಿದ್ದರು ಎಂದು ಆದಾಯ ತೆರಿಗೆಯವರು ಲೆಕ್ಕ ಹಾಕುವುದೂ ಈ ಪುಸ್ತಕದ ದಿನಾಂಕ ಹಿಡಿದೇ. ದೇಶದೊಳಗಿದ್ದದ್ದು 182 ದಿನ ಮುಟ್ಟಿತೇ ಅನ್ನುವ ಆ ಲೆಕ್ಕದಲ್ಲಿ ಒಂದು ದಿನವೂ ಮುಖ್ಯ. ಹಡಗು ಬಿಟ್ಟ ಮೇಲೆ ಆ ಮೊಹರಿಗಾಗಿ ಪತ್ರ ಬರೆಯುತ್ತ ಕೂರುವುದಕ್ಕಿಂತ ಅಲ್ಲೇ ಹತ್ತು ನಿಮಿಷ ನಿಲ್ಲುವುದು ಮೇಲು.

ಏಜೆಂಟರ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮುಂದೆಂದಾದರೂ ಕೆಲಸ ಕೊಡಿಸಲು ಲಕ್ಷಗಟ್ಟಲೆ ಕೇಳುವವನ ಹತ್ತಿರ ಹೋಗಬೇಡ. ಭಾರತ 2015ರಲ್ಲಿ ಒಪ್ಪಿಕೊಂಡ ಕಡಲ ಕಾರ್ಮಿಕರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ನೇಮಕಾತಿಯ ಶುಲ್ಕವನ್ನು ನಾವಿಕನಿಂದ ವಸೂಲು ಮಾಡುವಂತಿಲ್ಲ. ಪರವಾನಗಿ ಪಡೆದ ಸಂಸ್ಥೆಗಳ ಪಟ್ಟಿ ಮಹಾನಿರ್ದೇಶನಾಲಯದ ವೆಬ್‌ಸೈಟಿನಲ್ಲಿದೆ. ಸುಳ್ಳು ಕಾಗದದ ಮೇಲೆ ಹಡಗು ಹತ್ತಿದವನು ಇಳಿಯುವ ಪ್ರತಿ ಬಂದರಿನಲ್ಲೂ ನಡುಗುತ್ತಲೇ ಇಳಿಯಬೇಕು.

ನಿನ್ನ ಕಂಟ್ರಾಕ್ಟ್ ಅಮೆರಿಕದ ಮಯಾಮಿಯಂಥ ಬಂದರಿನಲ್ಲಿ ಮುಗಿಯಬಹುದು. ಬೆಳಗಿನ ಜಾವ ಹಡಗು ಕಟ್ಟಿದರೂ ಅಧಿಕಾರಿಗಳು ಒಪ್ಪಿಗೆ ಕೊಡುವ ತನಕ ಯಾರೂ ಕೆಳಗಿಳಿಯುವಂತಿಲ್ಲ. ಸಾವಿರಾರು ಪ್ರಯಾಣಿಕರು ಅದೇ ಹೊತ್ತಿಗೆ ಇಳಿಯುತ್ತಿರುತ್ತಾರೆ. ಹಡಗಿನವರಿಗೆ ಕೊಡುವ ಸಿ1/ಡಿ ವೀಸಾ ಇದ್ದ ಮಾತ್ರಕ್ಕೆ ನೆಲಕ್ಕೆ ಕಾಲಿಡುವ ಹಕ್ಕು ಬರುವುದಿಲ್ಲ. ಎದುರಿಗೆ ಕೂತ ಅಧಿಕಾರಿ ಐ-95 ಅನ್ನುವ ಪರ್ಮಿಟ್ ಕೊಟ್ಟರೆ ಮಾತ್ರ ಬರುತ್ತದೆ. ಅದು ಹೆಚ್ಚೆಂದರೆ 29 ದಿನ. ಮನೆಗೆ ಹೊರಟವರನ್ನು ಸಾಮಾನ್ಯವಾಗಿ ಕಂಪನಿಯ ಏಜೆಂಟ್ ಸೀದಾ ವಿಮಾನ ನಿಲ್ದಾಣಕ್ಕೆ ಮುಟ್ಟಿಸುತ್ತಾನೆ. ಎಲ್ಲಿಗೆ ಹೋಗುತ್ತೀಯ ಎಂದು ಕೇಳಿದರೆ ‘ಮನೆಗೆ, ಬೆಂಗಳೂರಿಗೆ’ ಅನ್ನು, ಟಿಕೆಟ್ ತೋರಿಸು, ಸುಮ್ಮನಿರು. ಅಲ್ಲೊಬ್ಬ ಸ್ನೇಹಿತ ಇದ್ದಾನೆ, ನೋಡಿಕೊಂಡು ಹೋಗಬಹುದಾ ಅಂತೆಲ್ಲ ಮಾತು ಬೆಳೆಸಬೇಡ. ಇಂಗ್ಲಿಷ್ ತಡವರಿಸಿದರೆ ನಾಚಿಕೆ ಬೇಡ. ಗಡಿಯಲ್ಲಿ ಹುಟ್ಟಿದ ನಮಗೆ ಎರಡು ಭಾಷೆಯ ನಡುವೆ ಬದುಕುವ ಅಭ್ಯಾಸ ಎಳವೆಯಿಂದಲೇ ಇದೆ. ನಿಧಾನವಾಗಿ ಮಾತಾಡು. ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿಸಿಕೋ. ಅರ್ಥವಾಗದೆ ಹೌದು ಅನ್ನುವುದೇ ಎಲ್ಲಕ್ಕಿಂತ ಅಪಾಯ.

ಇನ್ನು ಚೀಲ. ನಿಮ್ಮವ್ವ ಹೋಗುವಾಗ ಏನೇನು ಕಟ್ಟುತ್ತಾಳೆ ಅಂತ ನನಗೆ ಗೊತ್ತು. ಕಡ್ಲೆಬೀಜದ ಚಟ್ನಿಪುಡಿ, ಉಪ್ಪಿನಕಾಯಿ, ಹುಣಿಸೆಹಣ್ಣು, ಕೊನೆಗೆ ಕಾಗದದಲ್ಲಿ ಸುತ್ತಿ ಒಂದು ಹಿಡಿ ಕರಿಬೇವು. ಆ ಕರಿಬೇವನ್ನು ತೆಗೆದಿಟ್ಟು ಹೋಗು. ಅಮೆರಿಕದಲ್ಲಿರುವ ಕನ್ನಡದ ಮನೆಗಳಿಗೆ ಹೋಗುವ ಅಪ್ಪ ಅಮ್ಮಂದಿರೂ ಇದೊಂದರಲ್ಲಿ ಪದೇ ಪದೇ ಸಿಕ್ಕಿಬೀಳುತ್ತಾರೆ, ಒಂದು ಹಿಡಿ ಸೊಪ್ಪಿಗೆ ಇಷ್ಟು ರಂಪವೇ ಎಂದು ನೊಂದುಕೊಳ್ಳುತ್ತಾರೆ. ಕಾರಣ ಗೊತ್ತಾದರೆ ನೋವು ಇರುವುದಿಲ್ಲ. ಕರಿಬೇವಿನ ಎಲೆಯ ಮೇಲೆ ಮೂರು ನಾಲ್ಕು ಮಿಲಿಮೀಟರ್ ಉದ್ದದ ಒಂದು ರಸ ಹೀರುವ ಹುಳು ಬದುಕುತ್ತದೆ. ಅದೇ ಹುಳು ನಿಂಬೆ, ಕಿತ್ತಳೆ ಜಾತಿಯ ಗಿಡಗಳಿಗೆ ಗ್ರೀನಿಂಗ್ ಅನ್ನುವ ರೋಗ ಹರಡುತ್ತದೆ. ಎಲೆ ಹಳದಿಗಟ್ಟಿ, ಕಾಯಿ ಹಸಿರಾಗಿಯೇ ಉಳಿದು ಕಹಿಯಾಗಿ, ಗಿಡ ವರ್ಷ ವರ್ಷ ಕುಗ್ಗಿ ಸಾಯುತ್ತದೆ. ಮದ್ದಿಲ್ಲ. ನೀನು ಇಳಿಯಬಹುದಾದ ಮಯಾಮಿ ಇರುವುದು ಫ್ಲೋರಿಡಾದಲ್ಲಿ. ಅಲ್ಲಿ 2005ರಲ್ಲಿ ಈ ರೋಗ ಕಾಣಿಸಿತು. ಇಪ್ಪತ್ತು ವರ್ಷದಲ್ಲಿ ಕಿತ್ತಳೆ ಬೆಳೆ ಮೊದಲಿದ್ದ ಹತ್ತನೇ ಒಂದು ಪಾಲಿಗಿಂತ ಕೆಳಗಿಳಿಯಿತು. ನಮ್ಮ ಅನಂತಪುರ ಜಿಲ್ಲೆಯ ರೈತ ಬೋರು ಕೊರೆಸಿ, ಸಾಲ ಮಾಡಿ ಚೀನಿ, ಅಂದರೆ ಮೋಸಂಬಿ, ಗಿಡ ಬೆಳೆಸುತ್ತಾನೆ. ಕಾಯಿ ಬಿಡುವ ವಯಸ್ಸಿಗೆ ಬಂದ ತೋಟ ಒಣಗಿದರೆ ಅವನ ಮನೆಯಲ್ಲಿ ಏನಾಗುತ್ತದೆ ಎಂದು ನೀನು ಕಣ್ಣಾರೆ ಕಂಡಿದ್ದೀಯ. ಅಲ್ಲಿಯ ರೈತನಿಗೂ ಅದೇ ಗತಿ. ಚೀಲ ಬಿಚ್ಚಿಸುವ ಅಧಿಕಾರಿ ಕಾಯುತ್ತಿರುವುದು ಅವನ ತೋಟವನ್ನು.

ಹಡಗಿನ ಊಟದ ಹಾಲಿನಿಂದ ಒಂದು ಸೇಬನ್ನು ಜೇಬಿಗೆ ಹಾಕಿಕೊಂಡು ಇಳಿಯುವುದೂ ಇದೇ ಲೆಕ್ಕಕ್ಕೆ ಬರುತ್ತದೆ. ನ್ಯೂಜಿಲೆಂಡ್‌ನಲ್ಲಿ ಮರೆತು ಉಳಿದ ಹಣ್ಣಿಗೂ ನಿಂತ ಜಾಗದಲ್ಲೇ 400 ಡಾಲರ್ ದಂಡ ಹಾಕುತ್ತಾರೆ. ತಿನ್ನುವ ಪದಾರ್ಥ ಏನೇ ಇದ್ದರೂ ಇದೆ ಎಂದು ಫಾರಂನಲ್ಲಿ ಬರೆ. ಬರೆದರೆ ನೋಡಿ ಬಿಡುತ್ತಾರೆ, ಇಲ್ಲವೇ ಎಸೆಯುತ್ತಾರೆ, ಅಷ್ಟೇ. ಬರೆಯದೆ ಸಿಕ್ಕರೆ ಸುಳ್ಳು ಹೇಳಿದ ತಪ್ಪು ಸೇರಿಕೊಳ್ಳುತ್ತದೆ.

ಇದಕ್ಕಿಂತ ಗಂಭೀರವಾದದ್ದು ಗಸಗಸೆ. ಚಳಿಗಾಲದಲ್ಲಿ ಕ್ರೂಸ್ ಹಡಗುಗಳು ದುಬೈ ಬಂದರಿನ ಕಡೆ ತಿರುಗುತ್ತವೆ. ನಮಗೆ ಗಸಗಸೆ ಪಾಯಸಕ್ಕೆ, ಬಾಡಿನ ಮಸಾಲೆಗೆ ಹಾಕುವ ಸಾಮಾನು. ಯುಎಇ, ಸೌದಿ ಅರೇಬಿಯಾದ ಕಾನೂನಿಗೆ ಅಫೀಮಿನ ಗಿಡದ ಬೀಜ. ಅದರ ಪೊಟ್ಟಣ ಸಿಕ್ಕವರ ಮೇಲೆ ಮಾದಕವಸ್ತುವಿನ ಕೇಸು ಬೀಳಬಹುದು. ಮನೆಯ ಮಸಾಲೆಪುಡಿಯಲ್ಲಿ ಗಸಗಸೆ ಬಿದ್ದಿದೆಯೇ ಅಂತ ಅವ್ವನನ್ನು ಕೇಳು. ಕೊಡೀನ್ ಇರುವ ಕೆಮ್ಮಿನ ಔಷಧಿ, ಟ್ರಮಡಾಲ್ ಇರುವ ನೋವಿನ ಮಾತ್ರೆ ಕೂಡ ಅಲ್ಲಿ ಅನುಮತಿಯಿಲ್ಲದೆ ಒಯ್ಯುವಂಥವಲ್ಲ. ಮೆಡಿಕಲ್ ಶಾಪಿನ ಮಾತ್ರೆ ಏನಿದ್ದರೂ ಡಾಕ್ಟರ ಚೀಟಿಯ ಜೊತೆ ಇರಲಿ.

ಬೇರೆಯವರ ಗಂಟು ಹೊರಬೇಡ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು. ನಮ್ಮ ಜಿಲ್ಲೆಯಿಂದ, ಪಕ್ಕದ ಕಡಪದಿಂದ ಕುವೈತಿಗೆ ಹೋಗುವವರ ಕೈಗೆ ‘ನಮ್ಮಕ್ಕನಿಗೆ ಕೊಡಪ್ಪ’ ಎಂದು ಪೊಟ್ಟಣ ಕೊಡುವುದು ರೂಢಿ. ಬರುವಾಗ ಹಡಗಿನ ಗೆಳೆಯನೂ ಹಾಗೇ ಏನೋ ಕೊಡುತ್ತಾನೆ. ಬೇಡ ಅಂದರೆ ಮನಸ್ತಾಪವಾದೀತು, ಆಗಲಿ. ಚೀಲ ನೀನೇ ತುಂಬಿದೆಯಾ ಎಂದು ಕೇಳಿದಾಗ ಹೌದು ಅನ್ನುವ ಮಾತು ನಿಜವಾಗಿರಬೇಕು. ಚಿನ್ನ ಸಾಗಿಸಿದರೆ ಟಿಕೆಟ್ ದುಡ್ಡು ಕೊಡುತ್ತೇವೆ ಅನ್ನುವವರೂ ಸಿಗುತ್ತಾರೆ. 2025ರ ಮಾರ್ಚಿನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ 14 ಕಿಲೋಗೂ ಹೆಚ್ಚು ಚಿನ್ನ ಸಿಕ್ಕ ಸುದ್ದಿ ನೀನೂ ಓದಿದ್ದೀಯ. ಅಂಥ ಪ್ರಕರಣದಲ್ಲಿ ಮೊದಲು ಜೈಲು ಸೇರುವುದು ಹೊತ್ತು ತಂದವರು.

ನಮ್ಮ ದೇಶದ ಕಸ್ಟಮ್ಸಿಗೆ ಬರೋಣ. 2016ರ ಬ್ಯಾಗೇಜ್ ನಿಯಮದಲ್ಲಿ ವಿದೇಶದಿಂದ ಬರುವ ಭಾರತೀಯನಿಗೆ 50,000 ರೂಪಾಯಿ ತನಕದ ಸಾಮಾನು ಸುಂಕವಿಲ್ಲದೆ ತರಲು ಬಿಟ್ಟಿದ್ದರು. ಹದಿನೆಂಟು ದಾಟಿದವರು ಒಂದು ಲ್ಯಾಪ್‌ಟಾಪ್ ಇದರ ಹೊರಗೆ ತರಬಹುದಿತ್ತು. ಟಿವಿಗೆ ಮಾತ್ರ ಈ ರಿಯಾಯಿತಿ ಇರಲಿಲ್ಲ. ಹಡಗಿನವರಿಗೆ ಬೇರೊಂದು ಮಿತಿಯಿತ್ತು. ಕಂಟ್ರಾಕ್ಟ್ ಮುಗಿಸಿ ಲೆಕ್ಕ ಚುಕ್ತಾ ಮಾಡಿಕೊಂಡು ಬಂದರೆ ಎಲ್ಲರಂತೆ ಪೂರ್ತಿ ರಿಯಾಯಿತಿ, ಕೆಲಸದ ನಡುವೆ ಇಳಿದರೆ ಬರೀ 1,500 ರೂಪಾಯಿಯ ಚಾಕೊಲೇಟು, ಸಣ್ಣಪುಟ್ಟ ಉಡುಗೊರೆ. ಈ ಅಂಕಿಗಳನ್ನು ಸರ್ಕಾರ ಆಗಾಗ ಬದಲಿಸುತ್ತದೆ, ನೀನು ಬರುವ ಹೊತ್ತಿಗೆ ಏನಿದೆಯೆಂದು ಕಸ್ಟಮ್ಸ್ ಇಲಾಖೆಯ ವೆಬ್‌ಸೈಟಿನಲ್ಲಿ ನೋಡಿಕೋ. ನಡುವೆ ಇಳಿಯುವ ಮಾತು ಯಾಕೆ ತೆಗೆದೆ ಅಂದರೆ, ವಿದೇಶಿ ಕ್ರೂಸ್ ಹಡಗುಗಳು ನವ ಮಂಗಳೂರು ಬಂದರಿಗೂ ಬರುತ್ತವೆ. ನಿನ್ನ ಹಡಗು ಅಲ್ಲಿಗೆ ಬಂದರೆ ಅಪ್ಪ ಅವ್ವ ನೋಡಲು ಬಂದಾರು. ಅವರನ್ನು ನೋಡು, ಜೊತೆಗೆ ಊಟ ಮಾಡು. ಆದರೆ ತಿಂಗಳುಗಟ್ಟಲೆ ಕೂಡಿಟ್ಟ ಫೋನು, ಸೆಂಟು, ಬಟ್ಟೆಯ ಮೂಟೆಯನ್ನು ಅಂದು ಅವರ ಕೈಗೆ ದಾಟಿಸಲು ಹೋಗಬೇಡ. ಅಪ್ಪನ ಮುಂದೆ ಚೀಲ ಬಿಚ್ಚಿಸಿಕೊಂಡು ನಿಲ್ಲುವ ಹೊತ್ತು ನಿನಗೆ ಬರಬಾರದು.

ಹಣದ ವಿಷಯದಲ್ಲಿ ನಮ್ಮವರಿಗೆ ಒಂದು ತಪ್ಪು ತಿಳಿವಳಿಕೆ ಇದೆ. ಇದೆ ಎಂದು ಹೇಳಿದರೆ ಕಿತ್ತುಕೊಳ್ಳುತ್ತಾರೆ ಅಂದುಕೊಳ್ಳುತ್ತಾರೆ. ಹೇಳುವುದು ಬೇರೆ, ಕಟ್ಟುವುದು ಬೇರೆ. ಅಮೆರಿಕ ಬಿಡುವಾಗ 10,000 ಡಾಲರ್ ಮೀರಿದ ಹಣ ಕೈಲಿದ್ದರೆ ಹೇಳಬೇಕು. ಭಾರತಕ್ಕೆ ಬರುವಾಗ ನೋಟೇ 5,000 ಡಾಲರ್ ಮೀರಿದರೆ, ಅಥವಾ ಚೆಕ್ಕು ಗಿಕ್ಕು ಎಲ್ಲ ಸೇರಿ 10,000 ಮೀರಿದರೆ ಒಂದು ಫಾರಂ ತುಂಬಿ ಕೊಡಬೇಕು. ಕೊಟ್ಟಿದ್ದಕ್ಕೆ ಸುಂಕವಿಲ್ಲ. ಮುಚ್ಚಿಟ್ಟರೆ ದುಡಿದ ಹಣವೇ ಜಪ್ತಿಯಾಗಬಹುದು. ಕಸ್ಟಮ್ಸ್ ದಾಟುವಾಗ ಹಸಿರು ದಾರಿಯಲ್ಲಿ ಹೋಗಲೋ ಕೆಂಪಿನಲ್ಲೋ ಎಂದು ಅನುಮಾನ ಬಂದ ಕ್ಷಣವೇ ಕೆಂಪಿನ ಕಡೆ ನಡೆ. ಹಸಿರು ಹಾದಿ ಹಿಡಿದರೆ ಸುಂಕ ಕಟ್ಟುವಂಥದ್ದು ಏನೂ ಇಲ್ಲವೆಂದು ನೀನೇ ಹೇಳಿದಂತೆ.

ಕೆಲವು ಸಲ ನಿನ್ನ ಕಾಗದವೆಲ್ಲ ಸರಿಯಿದ್ದರೂ ಇಳಿಯಲಾಗುವುದಿಲ್ಲ. 2020ರ ಫೆಬ್ರವರಿಯಲ್ಲಿ ಕೊರೊನಾ ಹರಡಿ ಜಪಾನಿನ ಯೋಕೋಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗು ನಿಂತಾಗ ಅದರಲ್ಲಿ 138 ಭಾರತೀಯರಿದ್ದರು, ಆರು ಜನ ಬಿಟ್ಟು ಉಳಿದವರೆಲ್ಲ ನಿನ್ನಂಥ ಸಿಬ್ಬಂದಿ. ನಮ್ಮ ಕಾರವಾರದ ಹುಡುಗನೂ ಇದ್ದ. ತಿಂಗಳ ಕೊನೆಗೆ 119 ಮಂದಿಯನ್ನು ಏರ್ ಇಂಡಿಯಾ ವಿಮಾನ ದೆಹಲಿಗೆ ತಂದಿತು. ಆ ಏಪ್ರಿಲಿನಲ್ಲಿ ಮರೆಲ್ಲಾ ಡಿಸ್ಕವರಿ ಹಡಗಿನ ನೂರಕ್ಕೂ ಹೆಚ್ಚು ಭಾರತೀಯ ಸಿಬ್ಬಂದಿ ಮುಂಬೈ ಕಣ್ಣಿಗೆ ಕಾಣುತ್ತಿದ್ದರೂ ಇಳಿಯಲಾಗದೆ ಸಮುದ್ರದಲ್ಲೇ ಕಾದರು. 21ನೇ ತಾರೀಖು ಗೃಹ ಸಚಿವಾಲಯ ನಾವಿಕರನ್ನು ಇಳಿಸುವ ಕ್ರಮವನ್ನು ಆದೇಶ ಮಾಡಿದ ಮೇಲೆಯೇ ಅವರ ಕಾಲು ನೆಲ ಮುಟ್ಟಿದ್ದು. ಅಂಥ ಹೊತ್ತಿನಲ್ಲಿ ಇಳಿಸುವವರ ಪಟ್ಟಿಯಲ್ಲಿ ಹೆಸರಿರುವುದೇ ದೊಡ್ಡದು. ಪಾಸ್‌ಪೋರ್ಟ್, ಸಿಡಿಸಿ, ಕಂಟ್ರಾಕ್ಟ್ ಮೂರರ ಫೋಟೋ ಅಪ್ಪನ ಫೋನಿನಲ್ಲೂ ಇರಲಿ. ಹಡಗಿನ ಹೆಸರು, ಕಂಪನಿಯ ಫೋನ್ ನಂಬರು ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡು. ನೀನು ದೂರದಲ್ಲಿ ಸಿಕ್ಕಿಕೊಂಡಾಗ ಕಲ್ಯಾಣದುರ್ಗದ ಸರ್ಕಾರಿ ಕಚೇರಿಗೆ ಓಡುವವನು ನಿಮ್ಮಪ್ಪ. ಅವನ ಕೈ ಬರಿದಾಗಿರಬಾರದು.

ಊರಿಗೆ ಬಂದ ವಾರದೊಳಗೆ ಸಿಡಿಸಿಯ ಇಳಿದ ದಿನದ ಪುಟವನ್ನು, ಕಂಪನಿ ಕೊಟ್ಟ ಸಂಬಳದ ಚೀಟಿಗಳನ್ನು ಜೆರಾಕ್ಸ್ ಮಾಡಿಸಿ ತೆರಿಗೆ ನೋಡುವವರಿಗೆ ಕೊಡು. ಉಳಿದ ಡಾಲರನ್ನು ಬೀರುವಿನಲ್ಲಿ ಮಡಿಸಿಡಬೇಡ. 2,000 ಡಾಲರಿಗಿಂತ ಹೆಚ್ಚಿನ ನೋಟನ್ನು 180 ದಿನದೊಳಗೆ ಬ್ಯಾಂಕಿಗೆ ಒಪ್ಪಿಸಬೇಕೆಂಬ ನಿಯಮ ಇದೆ. ಬದಲಿಸಿದ ರಶೀದಿಯನ್ನು ಸಿಡಿಸಿಯ ಜೊತೆಯಲ್ಲೇ ಇಡು, ಮುಂದಿನ ಕಂಟ್ರಾಕ್ಟಿಗೆ ಹೊರಡುವಾಗ ಎರಡೂ ಒಟ್ಟಿಗೆ ಸಿಗಲಿ.