ನಸುಗುನ್ನಿ ಬೀಜ ಮತ್ತು ನಡುಕದ ರೋಗ

ಬೇಲಿಗೆ ಹಬ್ಬಿದ ನಸುಗುನ್ನಿ ಬಳ್ಳಿಯನ್ನು ಕಂಡರೆ ದನ ಕಾಯುವ ಹುಡುಗರೂ ದೂರ ಸರಿಯುತ್ತಾರೆ. ಕಾಯಿಯ ಮೇಲಿನ ಸುಂಕು ಮೈಗೆ ತಗುಲಿದರೆ ತುರಿಕೆ ತಡೆಯಲಾಗದು. ಆದರೆ ಪಾರ್ಕಿನ್‌ಸನ್ ರೋಗಕ್ಕೆ ಇಂದಿಗೂ ಮುಖ್ಯ ಔಷಧವಾಗಿರುವ ಎಲ್-ಡೋಪಾ ಇದೇ ಕಾಯಿಯ ಬೀಜದಲ್ಲಿದೆ. ಸಾಮಾನ್ಯವಾಗಿ ಶೇಕಡ 4ರಿಂದ 6ರಷ್ಟು. ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು 1937ರಲ್ಲಿಯೇ ಅದನ್ನು ಈ ಬೀಜದಿಂದ ಬೇರ್ಪಡಿಸಿದ್ದರು. ಈ ರೋಗಕ್ಕೆ ಅದರ ಉಪಯೋಗ ತಿಳಿದದ್ದು 1960ರ ದಶಕದಲ್ಲಿ.

ಮೆದುಳಿನಲ್ಲಿ ಡೋಪಮಿನ್ ಎಂಬ ವಸ್ತುವನ್ನು ತಯಾರಿಸುವ ಜೀವಕೋಶಗಳು ಕ್ರಮೇಣ ಸಾಯುವುದರಿಂದ ಕೈ ನಡುಗುತ್ತದೆ, ಮೈ ಬಿಗಿಯುತ್ತದೆ, ನಡಿಗೆ ನಿಧಾನವಾಗುತ್ತದೆ. ಎಲ್-ಡೋಪಾ ಮೆದುಳನ್ನು ಸೇರಿ ಡೋಪಮಿನ್ ಆಗಿ ಮಾರ್ಪಡುತ್ತದೆ. ಇದು ಬತ್ತುತ್ತಿರುವ ಬಾವಿಗೆ ಹೊರಗಿನಿಂದ ನೀರು ಹೊಯ್ದಂತೆ; ಸೆಲೆ ಮತ್ತೆ ಬರುವುದಿಲ್ಲ. 2004ರಲ್ಲಿ ಪ್ರಕಟವಾದ ಲಂಡನ್ನಿನ ಪ್ರಯೋಗವೊಂದರಲ್ಲಿ 30 ಗ್ರಾಂ ಬೀಜದ ಪುಡಿ ಮಾತ್ರೆಗಿಂತ ಬೇಗ ಕೆಲಸ ಮಾಡಿತು. ಆದರೆ ಅಲ್ಲಿದ್ದವರು ಎಂಟೇ ರೋಗಿಗಳು. ಇಲಿಗಳಲ್ಲಿ ಬೀಜದ ಸಾರವು ಜೀವಕೋಶಗಳಿಗೆ ರಕ್ಷಣೆ ನೀಡಿದ ವರದಿಗಳಿವೆ. ಮನುಷ್ಯರಲ್ಲಿ ಇದು ಸಿದ್ಧಪಟ್ಟಿಲ್ಲ. ಆದುದರಿಂದ ರೋಗ ಬಾರದಿರಲೆಂದು ಪುಡಿ ತಿನ್ನುವುದರಲ್ಲಿ ಅರ್ಥವಿಲ್ಲ.

ರೋಗಿಗಳೂ ಮನೆಯಲ್ಲಿ ಬೀಜ ಕುಟ್ಟಿ ಕುಡಿಯಬಾರದು. ಬೀಜದಿಂದ ಬೀಜಕ್ಕೆ ಎಲ್-ಡೋಪಾ ಪ್ರಮಾಣ ಬೇರೆ. ಹೆಚ್ಚಾದರೆ ವಾಂತಿ, ರಕ್ತದೊತ್ತಡ ಕುಸಿತ, ಭ್ರಮೆ ಉಂಟಾಗಬಹುದು. ಮಾತ್ರೆ ತೆಗೆದುಕೊಳ್ಳುತ್ತಿರುವವರು ಪುಡಿಯನ್ನೂ ಸೇರಿಸಿದರೆ ಎರಡು ಪಟ್ಟು ಔಷಧ ತಿಂದಂತಾದೀತು. ಪುಡಿ ಬಳಸುತ್ತಿರುವವರು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಗಿಡದ ಸಾರವೆಂದರೆ ನಿರಪಾಯವೆಂಬ ನಂಬಿಕೆಯೂ ಸಲ್ಲದು. ರೊಟಿನೋನ್ ಎಂಬ ಕೀಟನಾಶಕ ಡೆರ್ರಿಸ್ ಬಳ್ಳಿಯ ಬೇರಿನದು. ಅದನ್ನು ಕೊಟ್ಟ ಇಲಿಗಳಲ್ಲಿ ಇದೇ ರೋಗದ ಲಕ್ಷಣಗಳು ಮೂಡಿದವೆಂದು 2000ದಲ್ಲಿ ವರದಿಯಾಯಿತು. ಅಮೆರಿಕದ ಬೇಸಾಯಗಾರ ಕುಟುಂಬಗಳ ಅಧ್ಯಯನವೊಂದು (2011) ರೊಟಿನೋನ್ ಅಥವಾ ಪ್ಯಾರಾಕ್ವಾಟ್ ಕಳೆನಾಶಕ ಬಳಸಿದವರಲ್ಲಿ ರೋಗದ ಸಂಭವ ಸುಮಾರು ಎರಡೂವರೆ ಪಟ್ಟು ಎಂದು ತೋರಿಸಿದೆ. ಇವೇ ಕಾರಣವೆಂದು ಅದರಿಂದ ಖಚಿತವಾಗದು. ಆದರೂ ನಮ್ಮ ಕೈಗೆ ಎಟುಕುವ ರಕ್ಷಣೆ ಇಲ್ಲಿದೆ: ಕೈಗವಸು, ಉದ್ದ ತೋಳಿನ ಅಂಗಿ, ಗಾಳಿಗೆ ಎದುರಾಗಿ ಸಿಂಪಡಿಸದಿರುವುದು, ಸೋರುವ ಪಂಪನ್ನು ಬೆನ್ನಿಗೇರಿಸದಿರುವುದು.

ಬೆಳೆಯಾಗಿ ಬೇಕೆನ್ನುವವರಿಗೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕ ಧನ್ವಂತರಿ', 'ಅರ್ಕ ಅಶ್ವಿನಿ' ಎಂಬ ತುರಿಕೆಯಿಲ್ಲದ ತಳಿಗಳಿವೆ. ದ್ವಿದಳ ಜಾತಿಯಾದ್ದರಿಂದ ಮಣ್ಣಿಗೂ ಸಾರಜನಕ ದೊರೆಯುತ್ತದೆ. ಕೊಳ್ಳುವವರನ್ನು ಮೊದಲು ಗೊತ್ತುಮಾಡಿಕೊಂಡು ಬಿತ್ತಿರಿ.