ಹ್ಯಾಂಡಲ್ ಎಷ್ಟು ಎತ್ತರ ಇರಬೇಕು?

ಸೈಕಲ್ ಹೊಡೆದರೆ ಕತ್ತು ನೋಯುತ್ತದೆ, ಕಿರುಬೆರಳು ಮತ್ತು ಉಂಗುರದ ಬೆರಳು ಜೋಮು ಹಿಡಿಯುತ್ತವೆ ಎಂದು ಬರೆದಿದ್ದೀರಿ. ಈ ಎರಡೇ ಬೆರಳು ಎಂದದ್ದು ಒಳ್ಳೆಯ ಸುಳಿವು. ಅವುಗಳಿಗೆ ಹೋಗುವ ಅಲ್ನಾರ್ ನರ ಅಂಗೈಯಲ್ಲಿ ಕಿರುಬೆರಳಿನ ಬದಿಯಲ್ಲೇ ಹಾದುಹೋಗುತ್ತದೆ. ಹ್ಯಾಂಡಲ್ ತೀರಾ ತಗ್ಗಿದ್ದರೆ ಮೈಭಾರ ಅಲ್ಲಿ ಒತ್ತುತ್ತದೆ. ಬೆನ್ನು ಬಾಗಿರುವಾಗ ರಸ್ತೆ ನೋಡಲು ತಲೆ ಎತ್ತಲೇಬೇಕು. ಕತ್ತು ನೋಯದೆ ಇರುತ್ತದೆಯೇ?

ಮೊದಲು ಸೀಟು ಸರಿಮಾಡಿಕೊಳ್ಳಿ. ಪೆಡಲ್ ಕೆಳಗಿದ್ದಾಗ ಮೊಣಕಾಲು ತುಸುವೇ ಮಡಚಿರಲಿ. ಸೀಟಿನ ಮೂತಿ ಕೆಳಗೆ ವಾಲಿದ್ದರೆ ಮಟ್ಟಮಾಡಿ, ಇಲ್ಲದಿದ್ದರೆ ಮುಂದಕ್ಕೆ ಜಾರುವ ಮೈಯನ್ನು ಕೈಗಳೇ ತಡೆಯಬೇಕಾಗುತ್ತದೆ. ಆಮೇಲೆ ಹ್ಯಾಂಡಲನ್ನು ಸೀಟಿನ ಮಟ್ಟಕ್ಕೋ ಸ್ವಲ್ಪ ಮೇಲಕ್ಕೋ ತನ್ನಿ. ಒಂದೇ ಸಲಕ್ಕೆ ಬೇಡ, 1 ಸೆಂ.ಮೀ. ಏರಿಸಿ, ನಾಲ್ಕು ದಿನ ಓಡಿಸಿ ನೋಡಿ. ತೀರಾ ಎತ್ತರಿಸಿದರೆ ಭಾರವೆಲ್ಲ ಸೀಟಿಗೆ ಬಿದ್ದು ಸೊಂಟ ಹಿಡಿದುಕೊಳ್ಳುತ್ತದೆ.

ಹಳೇ ಮಾದರಿಯ ಸೈಕಲ್ಲಾದರೆ ಹ್ಯಾಂಡಲಿನ ಕೊಳವೆಯ ಮೇಲೆ ಒಂದು ಗೆರೆ ಕೊರೆದಿರುತ್ತದೆ. ಅದು ಹೊರಗೆ ಕಾಣುವಷ್ಟು ಎಳೆಯಲೇಬೇಡಿ, ಓಡುವಾಗ ಹ್ಯಾಂಡಲ್ ಕಿತ್ತು ಬರಬಹುದು. ಏರಿಸಿದ ಮೇಲೆ ಎರಡೂ ಬದಿಗೆ ಪೂರ್ತಿ ತಿರುಗಿಸಿ, ಬ್ರೇಕ್ ವೈರ್ ಎಳೆದುಕೊಳ್ಳುತ್ತದೆಯೇ ನೋಡಿ. ಸೈಕಲ್ ಇಳಿದ ಮೇಲೂ ಜೋಮು ಬಿಡದಿದ್ದರೆ ವೈದ್ಯರಿಗೆ ತೋರಿಸಿ, ತಡಮಾಡಬೇಡಿ.