ಗೇಮ್ ಆಡುವುದಕ್ಕಿಂತ ರಿಪೇರಿಯೇ ಹೆಚ್ಚು

ಹದಿನೇಳು, ಹದಿನೆಂಟರ ಮಕ್ಕಳಿರುವ ತಂದೆ ತಾಯಂದಿರಿಂದ ಆಗಾಗ ಕೇಳುವ ಮಾತೊಂದಿದೆ. ‘ಗೇಮ್ ಆಡಿಕೊಂಡಿದ್ದರೆ ಹೋಗಲಿ ಎನ್ನಬಹುದಿತ್ತು. ಇವನು ಆಡುವುದೂ ಇಲ್ಲ. ಯಾವುದೋ ಪಟ್ಟಿ ತೆರೆದು ಟಿಕ್ ಹಾಕುತ್ತಾನೆ, ತೆಗೆಯುತ್ತಾನೆ. ಗೇಮ್ ಶುರು ಮಾಡಿ ಎರಡು ನಿಮಿಷಕ್ಕೇ ಮುಚ್ಚುತ್ತಾನೆ. ಮತ್ತೆ ಅದೇ ಪಟ್ಟಿ. ಇಡೀ ಭಾನುವಾರ ಹೀಗೇ.’ ನೀವು ಗಮನಿಸಿದ್ದು ಸರಿಯಾಗಿಯೇ ಇದೆ. ಆ ಹೊತ್ತಿನಲ್ಲಿ ಮಗನೋ ಮಗಳೋ ಗೇಮನ್ನು ತಿದ್ದುತ್ತಿರುತ್ತಾರೆ. ಈ ಕೆಲಸಕ್ಕೆ ಮಾಡಿಂಗ್ ಎಂದು ಹೆಸರು. ಬೈಯುವ ಮುನ್ನ, ಹೊಗಳುವ ಮುನ್ನವೂ, ಅದು ಏನೆಂದು ಸ್ವಲ್ಪ ತಿಳಿದಿರುವುದು ಒಳ್ಳೆಯದು.

ಗೇಮ್ ಆಡುವವರೇ ಸಿದ್ಧಪಡಿಸಿ, ಹೆಚ್ಚಾಗಿ ಪುಕ್ಕಟೆಯಾಗಿ ಹಂಚಿಕೊಳ್ಳುವ ತಿದ್ದುಪಡಿಗೆ ಅಥವಾ ಸೇರ್ಪಡೆಗೆ ‘ಮಾಡ್’ ಎನ್ನುತ್ತಾರೆ. ಮಳೆಯ ಸದ್ದನ್ನು ಬದಲಿಸುವ ಪುಟ್ಟ ಫೈಲೂ ಮಾಡ್, ಹೊಸ ಊರು, ಹೊಸ ಕಥೆ ಸೇರಿಸುವ ವರ್ಷಗಟ್ಟಲೆಯ ಕೆಲಸವೂ ಮಾಡ್. ಈ ವಿಷಯದಲ್ಲಿ ಬಹಳ ಹೆಸರಾದದ್ದು ‘ಸ್ಕೈರಿಮ್’. ಅಮೆರಿಕದ ಬೆಥೆಸ್ಡಾ ಗೇಮ್ ಸ್ಟುಡಿಯೋಸ್ ತಯಾರಿಸಿದ ಇದು 2011ರ ನವೆಂಬರ್ 11ರಂದು ಬಿಡುಗಡೆಯಾಯಿತು. ಇದು ರೋಲ್ ಪ್ಲೇಯಿಂಗ್ ಗೇಮ್, ಅಂದರೆ ಆಡುವವರು ತಮ್ಮ ಪಾತ್ರವನ್ನು ತಾವೇ ರೂಪಿಸಿಕೊಂಡು ಅದರಂತೆ ಬಾಳುವ ಆಟ. ಡ್ರ್ಯಾಗನ್‌ಗಳೂ ಮಾಟಮಂತ್ರವೂ ಇರುವ ಹಿಮದ ನಾಡೊಂದರಲ್ಲಿ ಮನಸ್ಸು ಬಂದ ಕಡೆ ಅಲೆಯಬಹುದು. ಇಷ್ಟು ಹಳೆಯ ಗೇಮನ್ನು ಈಗಿನ ಹುಡುಗರು ಯಾಕೆ ಹಿಡಿದುಕೊಂಡಿದ್ದಾರೆ ಎಂಬ ಪ್ರಶ್ನೆಗೆ ಉತ್ತರವೂ ಮಾಡ್‌ಗಳೇ.

ಮೊದಲ ಅನುಮಾನ ಬಗೆಹರಿಸಿಬಿಡೋಣ: ಇದು ಕಳ್ಳದಾರಿಯಲ್ಲ. 2002ರಲ್ಲಿ ಇದೇ ಸರಣಿಯ ‘ಮಾರೊವಿಂಡ್’ ಬಂದಾಗಲೇ ಕಂಪನಿ ಅದರ ಜೊತೆಗೆ ತಿದ್ದುವ ಸಾಧನವನ್ನೂ ಕೊಟ್ಟಿತ್ತು. ಸ್ಕೈರಿಮ್‌ಗಾಗಿ ‘ಕ್ರಿಯೇಷನ್ ಕಿಟ್’ ಎಂಬ ಸಾಧನ 2012ರ ಫೆಬ್ರುವರಿಯಲ್ಲಿ ಬಂತು. ಗೇಮಿನಲ್ಲಿ ತಿದ್ದಬೇಕಾದ್ದೂ ಸಾಕಷ್ಟಿತ್ತು. ಅದರ ಮೆನುಗಳನ್ನು ಟಿವಿಯ ಮುಂದೆ ಕಂಟ್ರೋಲರ್ ಹಿಡಿದು ಕೂರುವವರನ್ನು ನೆನೆದು ಮಾಡಿದಂತಿತ್ತು. ಮೌಸ್ ಬಳಸುವವರಿಗೆ ಚೀಲದಲ್ಲಿರುವ ಒಂದು ಕತ್ತಿಯನ್ನು ಹುಡುಕುವುದೂ ತಲೆನೋವು. ‘ಸ್ಕೈಯುಐ’ ಎಂಬ ಮಾಡ್ ಅದನ್ನು ಅಚ್ಚುಕಟ್ಟಾದ ಪಟ್ಟಿಯಾಗಿಸಿತು. ಕಂಪನಿ ಸರಿಪಡಿಸದೆ ಬಿಟ್ಟ ನೂರಾರು ದೋಷಗಳನ್ನು ಸ್ವಯಂಸೇವಕರು ಕೂಡಿ ‘ಅನ್‌ಆಫಿಷಿಯಲ್ ಪ್ಯಾಚ್’ ಎಂಬ ಇನ್ನೊಂದು ಮಾಡ್‌ನಲ್ಲಿ ಸರಿಮಾಡುತ್ತಾ ಬಂದಿದ್ದಾರೆ. ಇವೆರಡರ ಹೆಸರು ನಿಮ್ಮ ಮಕ್ಕಳಿಗೆ ಗೊತ್ತಿರುವುದು ಬಹುತೇಕ ಖಚಿತ. ಡ್ರ್ಯಾಗನ್ ಹಾರಾಡಬೇಕಾದ ಕಡೆ ಮಕ್ಕಳ ಸರಣಿಯ ಥಾಮಸ್ ರೈಲು ಎಂಜಿನ್ ಹಾರಿ ಬರುವಂತೆ ಮಾಡಿದ ಪುಣ್ಯಾತ್ಮರೂ ಇದ್ದಾರೆ. ಮುಚ್ಚಿದ ಕೋಣೆಯಿಂದ ವಿನಾಕಾರಣ ನಗು ಕೇಳಿಸಿದರೆ ಇದೂ ಒಂದು ಕಾರಣವಿರಬಹುದು.

ಇನ್ನು ಆ ಪಟ್ಟಿಯ ವಿಚಾರ. ಅದಕ್ಕೆ ‘ಲೋಡ್ ಆರ್ಡರ್’ ಎನ್ನುತ್ತಾರೆ, ಅಂದರೆ ಯಾವ ಮಾಡ್ ಆದಮೇಲೆ ಯಾವುದು ಎಂಬ ಸರದಿ. ಎರಡು ಮಾಡ್‌ಗಳು ಒಂದೇ ವಸ್ತುವನ್ನು ತಿದ್ದಿದ್ದರೆ ಸರದಿಯಲ್ಲಿ ಕೊನೆಗೆ ಬಂದದ್ದರ ಮಾತೇ ನಡೆಯುತ್ತದೆ. ಗೋಡೆಗೆ ಎಷ್ಟು ಬಣ್ಣ ಬಳಿದರೂ ಮೇಲಿನದೇ ಕಾಣುವಂತೆ. ಮಕ್ಕಳನ್ನು ಗಂಟೆಗಟ್ಟಲೆ ಕೂರಿಸುವ ಸಮಸ್ಯೆ ಹುಟ್ಟುವುದು ಇಲ್ಲಿಯೇ. ಒಂದು ಉದಾಹರಣೆ ನೋಡಿ. ಗೇಮಿನ ಒಂದು ಊರಿನಲ್ಲಿ ಅಂಗಡಿಯಾಕೆಯೊಬ್ಬಳ ಮುಖ ಇದ್ದಕ್ಕಿದ್ದಂತೆ ಬೂದಿ ಬಣ್ಣಕ್ಕೆ ತಿರುಗಿದೆ, ಕುತ್ತಿಗೆ ಮಾತ್ರ ಸಹಜವಾಗಿದೆ. ಕಾರಣ ಇಷ್ಟು: ಒಂದು ಮಾಡ್ ಆಕೆಗೆ ಹೊಸ ಮುಖ ಕೊಟ್ಟಿದೆ. ಇನ್ನೊಂದು ಆಕೆಯ ಉಡುಪನ್ನಷ್ಟೇ ಬದಲಿಸಿದೆ, ಆದರೆ ಹಾಗೆ ಮಾಡುವಾಗ ಹಳೆಯ ಮುಖದ ವಿವರವನ್ನೂ ತನ್ನೊಳಗೆ ಇಟ್ಟುಕೊಂಡಿದೆ. ಸರದಿಯಲ್ಲಿ ಎರಡನೆಯದು ಕೆಳಗಿದೆ. ಹೀಗಾಗಿ ಗೇಮ್ ಓದುವ ವಿವರ ಹಳೆಯ ಮುಖದ್ದು, ಅದಕ್ಕೆ ಸಿಗುವ ಚಿತ್ರ ಹೊಸ ಮುಖದ್ದು. ಎರಡೂ ಹೊಂದದೆ ಮುಖ ಬೂದಿಯಾಗುತ್ತದೆ.

ಇದನ್ನು ಕಂಡುಹಿಡಿಯಲು ಆಡುವವರು ಏನು ಮಾಡುತ್ತಾರೆ? ಅರ್ಧದಷ್ಟು ಮಾಡ್‌ಗಳ ಟಿಕ್ ತೆಗೆದು ಗೇಮ್ ತೆರೆದು ನೋಡುತ್ತಾರೆ. ಮುಖ ಸರಿಹೋದರೆ ತಪ್ಪು ತೆಗೆದ ಅರ್ಧದಲ್ಲಿದೆ, ಇಲ್ಲವಾದರೆ ಉಳಿದ ಅರ್ಧದಲ್ಲಿ. ಆ ಅರ್ಧವನ್ನು ಮತ್ತೆ ಅರ್ಧ ಮಾಡುತ್ತಾರೆ. ನಿಮಗೆ ಹುಚ್ಚಾಟವಾಗಿ ಕಾಣುವ ‘ತೆರೆ, ಮುಚ್ಚು, ಮತ್ತೆ ತೆರೆ’ ಇದೇ. ಸಾಫ್ಟ್‌ವೇರ್ ಕೆಲಸದಲ್ಲಿರುವ ತಂದೆಯೋ ತಾಯಿಯೋ ಆಗಿದ್ದರೆ ನೀವು ಕಚೇರಿಯಲ್ಲಿ ಮಾಡುವುದೂ ಬಹುಶಃ ಇದನ್ನೇ.

ಹಾಗಾದರೆ ಇದರಲ್ಲಿ ಮಕ್ಕಳಿಗೆ ಸಿಗುವುದೇನು? ಪಿಯುಸಿ ಓದುವ ಹುಡುಗಿಯ ದಿನಚರಿ ನೆನೆದುಕೊಳ್ಳಿ. ಕಾಲೇಜು, ಟ್ಯೂಷನ್, ಸಿಇಟಿ ಅಥವಾ ನೀಟ್ ತಯಾರಿ, ಎಲ್ಲವನ್ನೂ ಬೇರೆಯವರು ನಿಗದಿ ಮಾಡಿದ್ದಾರೆ. ಮಾಡಿದ ತಪ್ಪು ವಾರಗಳು ಕಳೆದ ಮೇಲೆ ಅಂಕವಾಗಿ ಎದುರು ಬರುತ್ತದೆ, ಜೊತೆಗೆ ನಾಲ್ಕು ಜನರ ಮಾತನ್ನೂ ಕರೆತರುತ್ತದೆ. ಇಲ್ಲಿ ತಪ್ಪು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ, ಯಾರೂ ಗದರುವುದಿಲ್ಲ. ತಿದ್ದಿದ್ದು ಸರಿಯಾದರೆ ಕಣ್ಣೆದುರೇ ಕಾಣುತ್ತದೆ. ಹಿಮ ಹೇಗೆ ಬೀಳಬೇಕು, ಕಾಡು ಎಷ್ಟು ದಟ್ಟವಾಗಿರಬೇಕು, ರಾತ್ರಿ ಎಷ್ಟು ಕತ್ತಲಿರಬೇಕು ಎಂದು ತನ್ನ ಅಭಿರುಚಿಗೆ ತಕ್ಕಂತೆ ತೀರ್ಮಾನಿಸುವ ಅಧಿಕಾರವೂ ಇಲ್ಲಿ ಆಕೆಯದೇ. ಮಾಡ್ ಬರೆದವರಿಗೆ ‘ಇಂಥ ಕಡೆ ಇಂಥ ದೋಷವಿದೆ’ ಎಂದು ವಿವರವಾಗಿ ಬರೆದು, ಇನ್ನೊಂದು ದೇಶದ ಅಪರಿಚಿತರಿಂದ ‘ಧನ್ಯವಾದ, ಸರಿಪಡಿಸಿದ್ದೇನೆ’ ಎಂಬ ಉತ್ತರ ಪಡೆದ ಹದಿಹರೆಯದವರಿಗೆ ಅದು ಸಣ್ಣ ಸಂಗತಿಯಲ್ಲ.

ಆದರೆ ಇದೇ ಸುಖಕ್ಕೆ ಇನ್ನೊಂದು ಮುಖವಿದೆ, ಅದನ್ನೂ ಹೇಳಲೇಬೇಕು. ಮಾಡಿಂಗ್‌ಗೆ ಮುಗಿಯುವ ಗೆರೆ ಎಂಬುದಿಲ್ಲ. ‘ಎಲ್ಲ ಸರಿಹೋದ ಮೇಲೆ ಆಡುತ್ತೇನೆ’ ಎನ್ನುವವರಿಗೆ ಎಲ್ಲವೂ ಸರಿಹೋಗುವ ದಿನ ಬರುವುದಿಲ್ಲ, ಏಕೆಂದರೆ ಹೊಸ ಮಾಡ್ ನಾಳೆಯೂ ಬರುತ್ತದೆ. ಕೆಲವು ಮಕ್ಕಳು ಪರೀಕ್ಷೆ ಹತ್ತಿರವಾದಷ್ಟೂ ಹೆಚ್ಚು ಮಾಡ್ ಮಾಡುತ್ತಾರೆ. ಅದು ಸೋಮಾರಿತನ ಎಂದು ಅಪ್ಪಂದಿರು ಬೇಗ ತೀರ್ಪು ಕೊಡುತ್ತಾರೆ, ನನಗೆ ಹಾಗನ್ನಿಸುವುದಿಲ್ಲ. ಕೈಗೆ ಹತ್ತದ ಭೌತಶಾಸ್ತ್ರದ ಅಧ್ಯಾಯದ ಎದುರು ಕೂತಾಗಿನ ಭಯದಿಂದ ತಪ್ಪಿಸಿಕೊಳ್ಳಲು, ಕೈಗೆ ಹತ್ತುವ ಸಮಸ್ಯೆಯೊಂದನ್ನು ಅವರು ಹಿಡಿದುಕೊಂಡಿರುತ್ತಾರೆ. ಮಾಡ್ ಪಟ್ಟಿಯನ್ನು ಕಿತ್ತುಕೊಂಡ ಮಾತ್ರಕ್ಕೆ ಆ ಅಧ್ಯಾಯ ಸುಲಭವಾಗುವುದಿಲ್ಲ. ತಪ್ಪಿಸಿಕೊಳ್ಳುವುದಕ್ಕೆ ಬೇರೊಂದು ದಾರಿ ಸಿಗುತ್ತದೆ, ಅಷ್ಟೇ.

ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವ ಎರಡು ಕ್ರಮಗಳು ಕೆಲಸ ಕೊಡುವುದಿಲ್ಲ. ಒಂದು, ಸಿಟ್ಟಿನಲ್ಲಿ ಪ್ಲಗ್ ಕೀಳುವುದು ಅಥವಾ ಫೋಲ್ಡರ್ ಅಳಿಸುವುದು. ಸ್ಕೈರಿಮ್‌ನಲ್ಲಿ ಆಡಿದ್ದೆಲ್ಲ ‘ಸೇವ್’ ಎಂಬ ಫೈಲಿನಲ್ಲಿ ಉಳಿಯುತ್ತದೆ. ಕೆಲವು ಮಾಡ್‌ಗಳ ಸೂಚನೆಗಳು ಆ ಫೈಲಿನೊಳಗೇ ಬೇರುಬಿಟ್ಟಿರುತ್ತವೆ. ನಡುವೆ ಮಾಡ್ ತೆಗೆದುಹಾಕಿದರೆ ಸೇವ್ ಕೆಡಬಹುದು. ಆ ಫೈಲ್ ಬರೆಯುವ ಹೊತ್ತಿಗೆ ಕರೆಂಟ್ ಹೋದರೂ ಅಷ್ಟೇ. ತಿಂಗಳುಗಟ್ಟಲೆಯ ಕೆಲಸ ಹೋದಾಗ ಮಗು ಅತ್ತರೆ ‘ಆಟ ತಾನೇ’ ಎನ್ನಬೇಡಿ. ಅಳು ಹೋದ ಕೆಲಸಕ್ಕಾಗಿ. ಇನ್ನೊಂದು ಕ್ರಮ ಇದಕ್ಕೆ ತದ್ವಿರುದ್ಧ: ‘ಓಹೋ, ಮಗಳಿಗೆ ಪ್ರತಿಭೆ ಇದೆ’ ಎಂದು ಮರುದಿನವೇ ಕೋಡಿಂಗ್ ಕ್ಲಾಸಿಗೆ ಸೇರಿಸುವುದು. ಮಾಡಿಂಗ್‌ನಿಂದ ದೊಡ್ಡ ದಾರಿ ಕಂಡವರು ಇದ್ದಾರೆ, ನಿಜ. ಆಸ್ಟ್ರೇಲಿಯದಲ್ಲಿ ವಕೀಲರಾಗಿದ್ದ ನಿಕ್ ಪಿಯರ್ಸ್ ಸ್ಕೈರಿಮ್‌ಗಾಗಿ ಮಾಡಿದ ‘ದಿ ಫರ್ಗಾಟನ್ ಸಿಟಿ’ ಮಾಡ್ 2016ರಲ್ಲಿ ಅಲ್ಲಿನ ಬರಹಗಾರರ ಸಂಘದ ಪ್ರಶಸ್ತಿ ಪಡೆಯಿತು, 2021ರಲ್ಲಿ ಸ್ವತಂತ್ರ ಗೇಮ್ ಆಗಿಯೇ ಹೊರಬಂತು. ಜರ್ಮನಿಯ ಸುರೆಎಐ ತಂಡದ ‘ಎಂಡೆರಲ್’ ಕೂಡ ಸ್ಕೈರಿಮ್‌ನ ಅಡಿಪಾಯದ ಮೇಲೆ ಕಟ್ಟಿದ ಬೇರೊಂದು ಲೋಕ. ಆದರೆ ಬಹುಪಾಲು ಮಕ್ಕಳಿಗೆ ಇದು ಹವ್ಯಾಸ, ಹವ್ಯಾಸವಾಗಿಯೇ ಉಳಿಯಬೇಕು. ಮನಸ್ಸಿನಿಂದ ಮಾಡುತ್ತಿದ್ದುದಕ್ಕೆ ಸರ್ಟಿಫಿಕೇಟ್ ಕೇಳಿದರೆ ಅರ್ಧ ಉತ್ಸಾಹ ಅಲ್ಲೇ ಬತ್ತುತ್ತದೆ.

ಏನು ಮಾಡಬಹುದು? ‘ಎಷ್ಟು ಹೊತ್ತಾಯಿತು?’ ಎಂಬ ಪ್ರಶ್ನೆಯ ಬದಲು ‘ಇವತ್ತು ಏನು ಹಾಕಿದೆ? ಏನು ಕೆಟ್ಟಿತು?’ ಎಂದು ಕೇಳಿ ನೋಡಿ. ಉತ್ತರ ಪೂರ್ತಿ ಅರ್ಥವಾಗಬೇಕಿಲ್ಲ. ಏನು ಕೆಟ್ಟಿತು, ಯಾಕೆ ಕೆಟ್ಟಿತು ಎಂದು ನಾಲ್ಕು ವಾಕ್ಯದಲ್ಲಿ ಹೇಳಬಲ್ಲ ಮಗು ಯೋಚಿಸುತ್ತಿದೆ. ‘ಸುಮ್ಮನೆ ನೋಡ್ತಾ ಇದ್ದೆ’ ಎನ್ನುವ ಉತ್ತರವೇ ಮತ್ತೆ ಮತ್ತೆ ಬರುತ್ತಿದ್ದರೆ ಅದು ಬರೀ ಡೌನ್‌ಲೋಡ್ ಮಾಡಿ ಗುಡ್ಡೆ ಹಾಕುವ ಹಂತ. ಆಗ ಹೊತ್ತಿನ ಮಾತಾಡುವುದು ನ್ಯಾಯ. ಮಿತಿಯನ್ನು ಗಡಿಯಾರಕ್ಕಷ್ಟೇ ಕಟ್ಟದೆ ಕೆಲಸಕ್ಕೂ ಕಟ್ಟಿ: ಒಂದು ಮಾಡ್ ಹಾಕುವುದು, ಪರೀಕ್ಷಿಸುವುದು, ಸೇವ್‌ಗೆ ಬ್ಯಾಕಪ್ ತೆಗೆದಿಡುವುದು, ಏಳುವುದು. ಅನುಭವಿ ಮಾಡರ್‌ಗಳ ಶಿಸ್ತೂ ಇದೇ ಆದ್ದರಿಂದ ಮಕ್ಕಳಿಗೆ ಇದು ಅಪ್ಪನ ಕಟ್ಟಪ್ಪಣೆ ಎನ್ನಿಸುವುದಿಲ್ಲ. ಊಟಕ್ಕೆ ಕರೆಯುವಾಗ ಹತ್ತು ನಿಮಿಷ ಮುಂಚೆ ಹೇಳಿ. ಒಂದೊಂದು ದಿನ ಬಹಳಷ್ಟು ಮಾಡ್‌ಗಳು ಒಟ್ಟಿಗೆ ನಿಂತುಬಿಡುವುದುಂಟು. ಹಲವು ಮಾಡ್‌ಗಳು ‘ಸ್ಕ್ರಿಪ್ಟ್ ಎಕ್ಸ್‌ಟೆಂಡರ್’ ಎಂಬ ಸಹಾಯಕ ಪ್ರೋಗ್ರಾಂ ಅನ್ನು ನೆಚ್ಚಿಕೊಂಡಿವೆ, ಅದು ಗೇಮಿನ ನಿರ್ದಿಷ್ಟ ಆವೃತ್ತಿಗಷ್ಟೇ ಹೊಂದುತ್ತದೆ. 2023ರ ಡಿಸೆಂಬರ್‌ನಲ್ಲಿ ಆದಂತೆ ಕಂಪನಿ ಗೇಮನ್ನು ಅಪ್‌ಡೇಟ್ ಮಾಡಿದರೆ, ಆ ಪ್ರೋಗ್ರಾಂ ಹೊಸದಾಗಿ ಬರುವವರೆಗೂ ಕಾಯಬೇಕು. ಅಂಥ ದಿನ ಮನೆಯಲ್ಲಿ ಮುಖ ಊದಿಕೊಂಡಿದ್ದರೆ ಅದು ನಿಮ್ಮ ಮೇಲಿನ ಸಿಟ್ಟಲ್ಲ.

ಕೆಲವು ವಿಷಯಗಳಲ್ಲಿ ಮಾತ್ರ ಪೋಷಕರು ಗಟ್ಟಿಯಾಗಿ ನಿಲ್ಲಬೇಕು. ಸ್ಕೈರಿಮ್ ಚಿಕ್ಕ ಮಕ್ಕಳ ಗೇಮ್ ಅಲ್ಲ. ಅಮೆರಿಕದ ವರ್ಗೀಕರಣದಲ್ಲಿ 17 ತುಂಬಿದವರಿಗೆ, ಯುರೋಪಿನದರಲ್ಲಿ 18 ತುಂಬಿದವರಿಗೆ. ಆ ಗುರುತು ಮೂಲ ಗೇಮಿಗೆ ಸಂಬಂಧಿಸಿದ್ದು. ಮಾಡ್‌ಗಳನ್ನು ಆ ಸಂಸ್ಥೆಗಳು ನೋಡುವುದಿಲ್ಲ, ನಗ್ನತೆ, ಅತಿ ಹಿಂಸೆ ಸೇರಿಸುವ ಮಾಡ್‌ಗಳೂ ಇವೆ. 2001ರಿಂದ ಬೆಳೆದುಬಂದ ನೆಕ್ಸಸ್ ಮಾಡ್ಸ್‌ನಂಥ ದೊಡ್ಡ ತಾಣದಲ್ಲಿ ವಯಸ್ಕರ ವಿಷಯವನ್ನು ಮರೆಮಾಡುವ ಸೆಟ್ಟಿಂಗ್ ಇದೆ. ಖಾತೆ ತೆರೆಯುವಾಗ ಜೊತೆಗೆ ಕೂತು ಅದನ್ನು ನೋಡಿ, ಯಾಕೆ ಎಂದೂ ಹೇಳಿ. ಹನ್ನೆರಡು ವರ್ಷದ ಮಗು ಕೇಳಿದರೆ ‘ಈಗ ಬೇಡ’ ಎನ್ನಲು ಹಿಂಜರಿಯಬೇಡಿ. ಆ ವಯಸ್ಸಿಗೆ ‘ಸ್ಟಾರ್‌ಡ್ಯೂ ವ್ಯಾಲಿ’ಯಂಥ ಬೇಸಾಯದ ಗೇಮಿಗೂ ಮಾಡ್‌ಗಳಿವೆ, ಆದರೆ ಅಲ್ಲಿಯೂ ಆಯ್ದುಕೊಳ್ಳುವಾಗ ನೀವು ಜೊತೆಗಿರಿ.

ಎರಡನೆಯದು ಕಂಪ್ಯೂಟರಿನ ಸುರಕ್ಷತೆ. ಚಿತ್ರ, ಧ್ವನಿ ಬದಲಿಸುವ ಮಾಡ್‌ಗಳಿಂದ ಅಪಾಯ ಕಡಿಮೆ. ಸ್ವತಃ ಪ್ರೋಗ್ರಾಂ ಆಗಿರುವ ಫೈಲ್‌ಗಳು ಬೇರೆ ಮಾತು. 2023ರ ಜೂನ್‌ನಲ್ಲಿ ‘ಮೈನ್‌ಕ್ರಾಫ್ಟ್’ ಮಾಡ್‌ಗಳೊಳಗೆ ‘ಫ್ರ್ಯಾಕ್ಚರೈಸರ್’ ಎಂಬ ಕುತಂತ್ರಾಂಶ ಸೇರಿಕೊಂಡದ್ದು ಪ್ರಸಿದ್ಧ ತಾಣದ ಮೂಲಕವೇ. ಆದ್ದರಿಂದ ನೀವು ನೆಟ್‌ಬ್ಯಾಂಕಿಂಗ್ ಮಾಡುವ ಲ್ಯಾಪ್‌ಟಾಪ್, ಕಚೇರಿಯ ಲ್ಯಾಪ್‌ಟಾಪ್ ಈ ಕೆಲಸಕ್ಕೆ ಬೇಡವೇ ಬೇಡ. ಪೈರೇಟೆಡ್ ಗೇಮಿನಲ್ಲಿ ಈ ಅಪಾಯ ಇನ್ನೂ ಹೆಚ್ಚು, ಆವೃತ್ತಿ ಹೊಂದದೆ ಮಾಡ್‌ಗಳು ಕೈಕೊಡುವುದೂ ಹೆಚ್ಚು. ರಿಯಾಯಿತಿ ಕಾಲದಲ್ಲಿ ಅಸಲಿಯನ್ನೇ ಕೊಡಿಸಿ.

ಹಣದ ವಿಷಯ ಚಿಕ್ಕದು. 2015ರ ಏಪ್ರಿಲ್‌ನಲ್ಲಿ ಮಾಡ್‌ಗಳನ್ನು ಮಾರುವ ವ್ಯವಸ್ಥೆ ಬಂದು, ಆಡುವವರ ವಿರೋಧಕ್ಕೆ ನಾಲ್ಕೇ ದಿನದಲ್ಲಿ ಹಿಂದೆ ಸರಿಯಿತು. ಈಗ ಗೇಮಿನೊಳಗೇ ದುಡ್ಡು ಕೊಟ್ಟು ಕೊಳ್ಳುವ ಸೇರ್ಪಡೆಗಳಿವೆ. ನಿಮ್ಮ ಕಾರ್ಡಿನ ವಿವರ ಆ ಖಾತೆಯಲ್ಲಿ ಉಳಿಯದಂತೆ ನೋಡಿಕೊಂಡರೆ ಸಾಕು.

ಯಾವಾಗ ಚಿಂತಿಸಬೇಕು? ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ ಹನ್ನೊಂದನೆಯ ಆವೃತ್ತಿ 2022ರಿಂದ ಜಾರಿಯಲ್ಲಿದೆ. ಅದು ಗೇಮಿಂಗ್ ತೊಂದರೆಯನ್ನು ಗಂಟೆಗಳಿಂದ ಅಳೆಯುವುದಿಲ್ಲ. ನಿಲ್ಲಿಸಲು ಆಗದಿರುವುದು, ಬೇರೆಲ್ಲಕ್ಕಿಂತ ಗೇಮೇ ಮುಂದಾಗುವುದು, ಹಾನಿ ಕಣ್ಣಿಗೆ ಕಂಡರೂ ಮುಂದುವರಿಯುವುದು, ಇವು ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಕಾಣಿಸಬೇಕು. ಒಂದು ರಜೆಯಲ್ಲಿ ಮಾಡಿಂಗ್‌ನಲ್ಲಿ ಮುಳುಗಿದ್ದನ್ನು ಇದಕ್ಕೆ ಸೇರಿಸಬೇಡಿ. ಆದರೆ ನಿದ್ರೆ ಕೆಟ್ಟು, ಕಾಲೇಜು ತಪ್ಪಿ, ಹಿಂದೆ ಇಷ್ಟಪಡುತ್ತಿದ್ದ ಕ್ರಿಕೆಟ್ಟೋ ಸಂಗೀತವೋ ಬಿಟ್ಟುಹೋಗಿದ್ದರೆ ವರ್ಷ ತುಂಬಲಿ ಎಂದು ಕಾಯಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ‘ಶಟ್’ ಎಂಬ ಕ್ಲಿನಿಕ್ ಇಂಥ ತೊಂದರೆಗಳಿಗೆಂದೇ ಇದೆ. ‘ನಿನ್ನ ಗೇಮ್ ಬಿಡಿಸಲು’ ಎಂದು ಕರೆದೊಯ್ದ ಮಗು ಮೊದಲ ಭೇಟಿಯಲ್ಲಿ ಬಾಯಿ ಬಿಡುವುದಿಲ್ಲ; ‘ನಿದ್ರೆ ಬರುತ್ತಿಲ್ಲವಲ್ಲ, ಅದಕ್ಕೆ’ ಎಂದು ಇದ್ದದ್ದನ್ನು ಹೇಳಿ ಕರೆದೊಯ್ಯಿರಿ. ಬೆಂಗಳೂರು ದೂರವಾದವರು ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.